ಈ ರಂಗೋಲಿ ಯಾರದು?



ಕಳೆದ ಸಂಚಿಕೆಯಲ್ಲಿ ಹಪ್ಪಳ ಸಂಡಿಗೆಯ ಡಬ್ಬಕ್ಕೆ ಹುಳ ಬೀಳದಂತೆ ಕಾಪಾಡುವ ಮಾತಾಡಿದೆವು. ಈ ಸಲದ ವಿಷಯ ಅಡುಗೆಮನೆಯದಲ್ಲ, ಆದರೂ ಮನೆಯದೇ. ಒಂದು ಗುಂಪನ್ನು ಒಡೆಯದಂತೆ ಕಾಪಾಡುವ ಮಾತು. ನಾನು ಎಡವಿ ಕಲಿತ ಪಾಠವಾದ್ದರಿಂದ ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಹೋದಾಗ ಅಲ್ಲಿನ ಕಂಪ್ಯೂಟರಿನ ಮೇಲೆ ಒಂದು ಚಿತ್ರ ಕಾಣುತ್ತಿತ್ತಲ್ಲ, ನೆನಪಿದೆಯೆ? ಹಸಿರು ದಿಣ್ಣೆ, ಮೇಲೆ ನೀಲಿ ಆಕಾಶ, ಅಲ್ಲಲ್ಲಿ ಹತ್ತಿಯಂಥ ಮೋಡ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಚಿತ್ರ ಅದು. ಯಾರೋ ಬಣ್ಣದಲ್ಲಿ ಬರೆದದ್ದು ಎಂದೇ ನಾನು ತಿಳಿದಿದ್ದೆ. ಅಲ್ಲವಂತೆ! 1996ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕರು ದಾರಿಯಲ್ಲಿ ಹೋಗುವಾಗ ಕಾರು ನಿಲ್ಲಿಸಿ ತೆಗೆದ ನಿಜವಾದ ಫೋಟೋ ಅದು. ಲೋಕದಲ್ಲಿ ಕೋಟಿಗಟ್ಟಲೆ ಜನ ಆ ಚಿತ್ರ ನೋಡಿದ್ದಾರೆ. ತೆಗೆದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ?

ಈ ಮಾತು ಮನಸ್ಸಿನಲ್ಲಿರಲಿ. ಮುಂದೆ ಬೇಕಾಗುತ್ತದೆ.

ನಾವು ಹೊಸಿಲು ಸಾರಿಸಿ ರಂಗೋಲಿ ಇಡುತ್ತೇವಲ್ಲ, ಹಾಗೆಯೇ ಕಂಪ್ಯೂಟರಿನ ಮುಖಕ್ಕೂ ಮೊಬೈಲಿನ ಮುಖಕ್ಕೂ ಅಲಂಕಾರ ಮಾಡುವವರಿದ್ದಾರೆ. ಹಿಂದಿರುವ ಚಿತ್ರಕ್ಕೆ ವಾಲ್‌ಪೇಪರ್ ಅನ್ನುತ್ತಾರೆ. ಒಳಗಿನ ಯಂತ್ರ ಅದೇ ಇದ್ದು ಮೇಲಿನ ಬಣ್ಣ, ಗುಂಡಿಗಳ ಆಕಾರ ಎಲ್ಲ ಬದಲಾಯಿಸಿದರೆ ಅದಕ್ಕೆ ಸ್ಕಿನ್ ಎಂದು ಹೆಸರು. ಅದೇ ಮೈಗೆ ಬೇರೆ ರವಿಕೆ ತೊಡಿಸಿದ ಹಾಗೆ. ಇದನ್ನು ಹವ್ಯಾಸವಾಗಿ ಮಾಡುವವರು ಊರೂರಿನಿಂದ ಕೂಡಿ ಬಳಗ ಕಟ್ಟಿಕೊಂಡಿದ್ದಾರೆ. 2000ದ ಆಗಸ್ಟಿನಲ್ಲಿ ಅಮೆರಿಕದಲ್ಲಿ ಮೂವರು ಸೇರಿ ಶುರು ಮಾಡಿದ ಡೀವಿಯಂಟ್‌ಆರ್ಟ್ ಮೊದಲು ಇಂಥ ಅಲಂಕಾರ ಮಾಡುವವರ ಕೂಟವೇ ಆಗಿತ್ತು. ಆಮೇಲೆ ಎಲ್ಲ ಬಗೆಯ ಚಿತ್ರಕಾರರೂ ಅಲ್ಲಿಗೆ ಬಂದರು.

‘ಅದೆಲ್ಲ ಓದಿದ ಹುಡುಗರ ಕೆಲಸ, ನಮಗೇನು?’ ಅಂತೀರಾ? ತಾಳಿ. 1984ರಲ್ಲಿ ಬಂದ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಕಸದ ಬುಟ್ಟಿ ಮೊದಲಾದ ಪುಟ್ಟ ಚಿತ್ರಗಳನ್ನು ಬರೆದಾಕೆ ಸೂಸನ್ ಕೇರ್ ಎಂಬ ಹೆಂಗಸು. ಒಂದೊಂದು ಚಿತ್ರಕ್ಕೂ ಉದ್ದ 32, ಅಗಲ 32 ಚೌಕ. ಅಷ್ಟರಲ್ಲೇ ಮುಗಿಸಬೇಕು. ಆಕೆ ಚೌಕದ ಗೆರೆಗಳಿರುವ ಪುಸ್ತಕದಲ್ಲಿ ಒಂದೊಂದೇ ಮನೆ ತುಂಬಿ ಬರೆದರಂತೆ. ಎಳೆ ಎಣಿಸಿ ಹಾಕುವ ಕಸೂತಿಯ ಹಾಗೆಯೇ ಈ ಕೆಲಸ ಎಂದು ಆಕೆಯೇ ಹೇಳಿದ್ದಾರೆ. ಈಗ ಹೇಳಿ, 15 ಚುಕ್ಕಿ ಇಟ್ಟು ಸಂದುಚುಕ್ಕಿ 8ಕ್ಕೆ ನಿಲ್ಲಿಸಿ ತಾವರೆ ತೆಗೆಯುವ ನಮಗೆ ಇದು ಬಾರದ ವಿದ್ಯೆಯೆ?

ಹೀಗೆ ಅಂದುಕೊಂಡೇ ನಾವು ಚಳ್ಳಕೆರೆಯ ಏಳು ಜನ, ಮೊಳಕಾಲ್ಮೂರಿನ ಐದು ಜನ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡೆವು. 2020ರಲ್ಲಿ ಕೊರೋನಾ ಬಂದು ಮನೆಯಲ್ಲೇ ಕೂತಿದ್ದ ಕಾಲ. ಮೊದಮೊದಲು ರಂಗೋಲಿಯ ಫೋಟೋ ತೆಗೆದು ಹಾಕುತ್ತಿದ್ದೆವು. ಆಮೇಲೆ ಒಬ್ಬಾಕೆಯ ಮಗ ಕಂಪ್ಯೂಟರಿನ ಪೇಂಟ್‌ನಲ್ಲಿ ಗೆರೆ ಎಳೆಯುವುದನ್ನು ಹೇಳಿಕೊಟ್ಟ. ನೋಡನೋಡುತ್ತ ಹಬ್ಬಕ್ಕೊಂದು, ಹುಣ್ಣಿಮೆಗೊಂದು ವಾಲ್‌ಪೇಪರ್ ತಯಾರಾಗತೊಡಗಿತು. ಗುಂಪು ಅರವತ್ತು ಜನಕ್ಕೆ ಬೆಳೆಯಿತು. ಹಿರಿಯಳೆಂದು ನನ್ನನ್ನೇ ಅಡ್ಮಿನ್ ಮಾಡಿದರು. ನನಗೂ ಒಳಗೊಳಗೇ ಹೆಮ್ಮೆ!

ಆ ಐವರಲ್ಲಿ ಮೊಳಕಾಲ್ಮೂರಿನ ಒಬ್ಬ ತಂಗಿ ಇದ್ದಳು. ನೇಕಾರರ ಮನೆಯ ಸೊಸೆ. ಮಾತು ಕಡಿಮೆ. ಗಂಡನ ಮಗ್ಗಕ್ಕೆ ಬೇಕಾದ ಬುಟ್ಟಾ, ಅಂಚು ಎಲ್ಲ ಗ್ರಾಫ್ ಹಾಳೆಯಲ್ಲಿ ಬರೆದುಕೊಡುತ್ತಿದ್ದವಳು. ಅವಳ ಕೈಯ ಅಚ್ಚುಕಟ್ಟು ನಮ್ಮ ಯಾರಿಗೂ ಇರಲಿಲ್ಲ. ಒಮ್ಮೆ ಯುಗಾದಿಗೆಂದು ಅವಳು ಒಂದು ಚಿತ್ರ ಹಾಕಿದಳು. ನಮ್ಮ ಸೀಮೆಯ ಕಾವಲಿನಲ್ಲಿ ಓಡಾಡುವ ಕೃಷ್ಣಮೃಗ, ಪೂರ್ತಿ ಚುಕ್ಕಿಯಲ್ಲೇ ಮೂಡಿದ್ದು. ಸುತ್ತಲೂ ಮೊಳಕಾಲ್ಮೂರು ಸೀರೆಯಂಥ ಗೋಪುರದ ಅಂಚು. ಕೆಳಗೆ ಬಲಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಅವಳ ಹೆಸರು. ಹದಿನೆಂಟು ದಿನ ಹಿಡಿಯಿತಂತೆ, ಮಗು ಮಲಗಿದ ಮೇಲೆ ಕೂತು ಬರೆಯುವುದಕ್ಕೆ.

ಎಲ್ಲರೂ ಹೊಗಳಿದೆವು. ಅದನ್ನು ನನ್ನ ಸ್ಟೇಟಸ್ಸಿಗೆ ಹಾಕಿಕೊಳ್ಳೋಣವೆಂದು ನೋಡಿದರೆ ಉದ್ದಕ್ಕೆ ಸರಿಹೋಗಲಿಲ್ಲ. ಬೆರಳಲ್ಲಿ ಎಳೆದು ಕೆಳಗಿನ ಅಂಚು ಸ್ವಲ್ಪ ಕತ್ತರಿಸಿದೆ. ಚೆನ್ನಾಗಿ ಕೂತಿತು. ಅದನ್ನೇ ನಮ್ಮ ನೆಂಟರ ಗುಂಪಿಗೆ, ಭಜನಾ ಮಂಡಳಿಯ ಗುಂಪಿಗೆ, ಹಳೇ ಸ್ನೇಹಿತೆಯರ ಗುಂಪಿಗೆ ಕಳಿಸಿದೆ. ಹೆಸರೂ ಆ ಅಂಚಿನ ಜೊತೆಗೇ ಹೋಯಿತೆಂದು ನನ್ನ ಗಮನಕ್ಕೇ ಬರಲಿಲ್ಲ.

ಜನವರಿ ಬಂತು. ಆ ತಂಗಿ ಬೇರೆ ಊರಿನ ನೆಂಟರ ಮನೆಗೆ ಹೋಗಿದ್ದಾಳೆ. ಗೋಡೆಯ ಮೇಲೆ ಯಾವುದೋ ಅಂಗಡಿಯ ಹೊಸ ವರ್ಷದ ಕ್ಯಾಲೆಂಡರ್. ಅದರಲ್ಲಿ ಅವಳದೇ ಕೃಷ್ಣಮೃಗ! ಕೆಳಗೆ ದೊಡ್ಡದಾಗಿ ಅಂಗಡಿಯ ಹೆಸರು. ‘ಅತ್ತೆ, ಇದು ನಾನು ಬರೆದದ್ದು’ ಎಂದು ಕೂಗಿಯೇಬಿಟ್ಟಳಂತೆ. ಅತ್ತೆ ಕೆಟ್ಟವರಲ್ಲ. ಆದರೆ ಹತ್ತು ಜನರೆದುರು ನಕ್ಕುಬಿಟ್ಟರು. ‘ನಿಂದಾದ್ರೆ ನಿನ್ನ ಹೆಸರೆಲ್ಲೈತೆ?’

ಮನೆಗೆ ಬಂದು ಅವಳು ಗುಂಪಿನಲ್ಲಿ ಕೇಳಿದಳು: ‘ನನ್ನ ಚಿತ್ರ ಹೊರಗೆ ಹೋಗಿದ್ದು ಹೇಗೆ? ಹೆಸರು ತೆಗೆದೋರು ಯಾರು?’ ಶುರುವಾಯಿತು ನೋಡಿ. ಒಬ್ಬಾಕೆ, ‘ರಂಗೋಲಿ ಎಲ್ಲರದೂ ಅಲ್ವಾ, ಅದಕ್ಯಾಕೆ ಹೆಸರು?’ ಎಂದಳು. ಇನ್ನೊಬ್ಬಾಕೆ, ‘ಕ್ಯಾಲೆಂಡರಿಗೆ ಬಂತಲ್ಲ, ಖುಷಿಪಡು’ ಎಂದಳು. ಮೊಳಕಾಲ್ಮೂರಿನವರು ಚಳ್ಳಕೆರೆಯವರ ಮೇಲೆ, ಚಳ್ಳಕೆರೆಯವರು ಮೊಳಕಾಲ್ಮೂರಿನವರ ಮೇಲೆ ಅನುಮಾನಪಟ್ಟರು. ನಾನೇನು ಮಾಡಿದೆ ಗೊತ್ತೆ? ‘ಇರ್ಲಿ ಬಿಡಮ್ಮ, ಇದಕ್ಕೆಲ್ಲ ಜಗಳ ಬೇಡ’ ಎಂದು ಬರೆದು, ಅಡ್ಮಿನ್ ಬಿಟ್ಟು ಬೇರಾರೂ ಮಾತಾಡದಂತೆ ಎರಡು ದಿನ ಗುಂಪಿನ ಬಾಯಿ ಕಟ್ಟಿದೆ. ಶಾಂತಿ ಮಾಡಿದೆ ಅಂದುಕೊಂಡೆ. ಮೂರನೆಯ ದಿನ ನೋಡಿದರೆ ಆ ತಂಗಿ ಗುಂಪು ಬಿಟ್ಟಿದ್ದಳು. ಹಿಂದೆಯೇ ಮೊಳಕಾಲ್ಮೂರಿನ ಇನ್ನೂ ಮೂವರು.

ಆ ರಾತ್ರಿ ಹಳೆಯದನ್ನೆಲ್ಲ ತೆಗೆದು ನೋಡುತ್ತ ಕೂತಾಗ ನನ್ನದೇ ಸ್ಟೇಟಸ್ಸಿನ ಚಿತ್ರ ಕಣ್ಣಿಗೆ ಬಿತ್ತು. ಹೆಸರು ಕತ್ತರಿಸಿದವಳು ನಾನೇ!

ತಪ್ಪು ಗೊತ್ತಾದ ಮೇಲೂ ಹೇಳುವ ಧೈರ್ಯ ಬರಲು ಒಂದು ತಿಂಗಳು ಹಿಡಿಯಿತು. ಮಗಳಿಗೆ ಸೀರೆ ಕೊಳ್ಳುವ ನೆಪ ಮಾಡಿಕೊಂಡು ಮೊಳಕಾಲ್ಮೂರಿಗೆ ಹೊರಟೆ. ಅಲ್ಲಿ ಶಾಲಾ ಮೇಷ್ಟ್ರಾಗಿದ್ದ ನಮ್ಮ ಭಾವನವರು, ‘ಬಂದಿದ್ದೀಯ, ಅಶೋಕನ ಶಾಸನ ನೋಡದೆ ಹೋಗ್ತೀಯೇನಮ್ಮ?’ ಎಂದು ಬ್ರಹ್ಮಗಿರಿಗೆ ಕರೆದುಕೊಂಡು ಹೋದರು. ನಾವು ಶಾಲೆಯಲ್ಲಿ ಓದಿದ್ದೇವಲ್ಲ, ಆ ಸಾಮ್ರಾಟ ಅಶೋಕ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅವನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಪತ್ತೆಹಚ್ಚಿದರು. ಊರವರಿಗೆ ಮಾತ್ರ ಅದು ಮೊದಲಿನಿಂದಲೂ ‘ಅಕ್ಷರಗುಂಡು’.

ಭಾವನವರು ಹೇಳಿದ ಒಂದು ಸಂಗತಿ ನನ್ನನ್ನು ನಿಲ್ಲಿಸಿಬಿಟ್ಟಿತು. ಶಾಸನದ ಕೊನೆಗೆ ಅದನ್ನು ಬರೆದ ಲಿಪಿಕಾರನ ಹೆಸರಿದೆಯಂತೆ. ಚಪಡ ಎಂದು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ‘ಲಿಪಿಕಾರ’ ಎನ್ನುವ ಒಂದು ಪದವನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ವಾಯುವ್ಯ ದಿಕ್ಕಿನ ದೂರದ ಸೀಮೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದು. ಮಾತು ರಾಜನದು, ಆಜ್ಞೆ ರಾಜನದು, ಬಂಡೆ ಊರಿನದು. ಆದರೂ ಬರೆದ ಕೈಯ ಹೆಸರು ಎರಡು ಸಾವಿರದ ಇನ್ನೂರು ವರ್ಷ ದಾಟಿ ಉಳಿದಿದೆ. ಅಶೋಕನಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲವಲ್ಲ! ನಾನೋ, ನನ್ನ ಸ್ಟೇಟಸ್ಸಿಗೆ ಸರಿಹೋಗಲಿಲ್ಲವೆಂದು ಒಂದು ಹೆಸರು ಅಳಿಸಿದವಳು.

ಅಲ್ಲಿಂದ ನೇರ ಆ ತಂಗಿಯ ಮನೆಗೆ ಹೋದೆ. ನಡುಮನೆಯಲ್ಲಿ ಮಗ್ಗ ಆಡುತ್ತಿತ್ತು. ನನ್ನನ್ನು ನೋಡಿ ‘ಬರ್ರಿ ಅಕ್ಕ’ ಎಂದು ಚಾಪೆ ಹಾಸಿದಳು, ಮುಖ ನೋಡಲಿಲ್ಲ.

‘ಆ ಹೆಸರು ಕತ್ತರಿಸಿದ್ದು ನಾನೇ ಕಣಮ್ಮ. ಬೇಕಂತ ಮಾಡಿದ್ದಲ್ಲ. ಆದರೂ ಮಾಡಿದ್ದು ನಾನೇ’ ಎಂದೆ.

ಅವಳು ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ನಂಗೆ ದುಡ್ಡಿನಾಸೆ ಇಲ್ಲಕ್ಕ. ಸೀರೆ ನೇಯ್ದರೆ ಅಂಗಡಿ ಹೆಸರಲ್ಲಿ ಹೋಗ್ತೈತೆ. ರಂಗೋಲಿ ಹಾಕಿದ್ರೆ ಸಂಜೆಗೆ ಕಾಲಿಗೆ ಹತ್ತಿ ಹೋಗ್ತೈತೆ. ಇದೊಂದಾದ್ರೂ ನಂದು ಅಂತ ಇರ್ಲಿ ಅನ್ಕಂಡಿದ್ದೆ.’

ಮಗ್ಗದ ಸದ್ದು ಯಾವಾಗಲೋ ನಿಂತಿತ್ತು. ಒಳಗಿನಿಂದ ಅವಳ ಅತ್ತೆ ಬಂದು ಬಾಗಿಲಲ್ಲಿ ನಿಂತಿದ್ದರು. ‘ಹಂಗಾದ್ರೆ ಆ ಜಿಂಕೆ ನಮ್ಮ ಹುಡುಗೀದೇನಾ?’ ಎಂದರು.

‘ಹೌದಮ್ಮ, ನಿಮ್ಮ ಸೊಸೆಯದೇ. ಹದಿನೆಂಟು ರಾತ್ರಿ ಕೂತು ಬರೆದದ್ದು’ ಎಂದೆ.

ಅವರು ಏನೂ ಹೇಳದೆ ಒಳಗೆ ಹೋಗಿ ಮೂರು ಲೋಟ ಕಾಫಿ ತಂದರು. ಎರಡು ನಮಗೆ, ಒಂದು ಸೊಸೆಗೆ.

ಸೋದರಿಯರೆ, ಇಲ್ಲಿ ಒಂದು ವಿಷಯ ಬಿಡಿಸಿಕೊಳ್ಳಬೇಕು. ‘ರಂಗೋಲಿ ಎಲ್ಲರದೂ ಅಲ್ವಾ’ ಎಂದವಳ ಮಾತು ಪೂರ್ತಿ ತಪ್ಪಲ್ಲ. ಸ್ವತ್ತು ಮೂರು ಬಗೆ. ಒಂದು, ಎಲ್ಲರದು. ಚುಕ್ಕಿ ಇಡುವ ಕ್ರಮ, ತಾವರೆ, ಶಂಖ, ಮಾವಿನಕಾಯಿ ಇವು ನಮ್ಮ ಅಜ್ಜಿಯರಿಂದ ಬಂದವು, ಯಾರೂ ‘ನನ್ನದು’ ಅನ್ನುವಂತಿಲ್ಲ. ಎರಡನೆಯದು ಊರಿನದು. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಜನ ಜಿ.ಐ. ಅನ್ನುತ್ತಾರಲ್ಲ, ಅದೇ. ಬೇರೆಲ್ಲೋ ನೇಯ್ದದ್ದಕ್ಕೆ ಆ ಹೆಸರು ಹಚ್ಚಿ ಮಾರುವಂತಿಲ್ಲ. ಆ ಹಕ್ಕು ಒಬ್ಬ ನೇಕಾರರದಲ್ಲ, ಅಲ್ಲಿನ ನೇಕಾರರೆಲ್ಲರದು. ಮೂರನೆಯದು ಒಂದು ಕೈಯದು. ಅದೇ ಚುಕ್ಕಿ, ಅದೇ ಅಂಚು ಬಳಸಿ ಒಬ್ಬಾಕೆ ತಾನೇ ಕೂತು ಬರೆದ ಚಿತ್ರ ಅವಳದು.

ಕಾನೂನೂ ಹೀಗೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರ ಬರೆದ ಕ್ಷಣದಿಂದಲೇ ಅದರ ಹಕ್ಕು ಬರೆದವರಿಗೆ. ನೋಂದಣಿ ಮಾಡಿಸಲೇಬೇಕೆಂದಿಲ್ಲ. ದೊಡ್ಡ ಕಲಾವಿದರದೇ ಆಗಿರಬೇಕೆಂದೂ ಇಲ್ಲ. ಹಕ್ಕು ಅವರ ಜೀವಮಾನ ಪೂರ್ತಿ, ಆಮೇಲೆ 60 ವರ್ಷ. ‘ಇದನ್ನು ಬರೆದವಳು ನಾನು’ ಎಂದು ಹೇಳಿಕೊಳ್ಳುವ ಹಕ್ಕಂತೂ, ಚಿತ್ರ ಮಾರಿದ ಮೇಲೂ ಉಳಿಯುತ್ತದೆ. ಚಿತ್ರದ ಹಕ್ಕನ್ನು ಮಾರುವುದಾದರೆ ಬಾಯಿಮಾತು ಸಾಲದು, ಬರವಣಿಗೆಯಲ್ಲಿ ಸಹಿ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ.

ಆ ತಂಗಿ ಗುಂಪಿಗೆ ವಾಪಸು ಬಂದಳು, ಆದರೆ ಒಂದು ಷರತ್ತಿನ ಮೇಲೆ. ‘ಸಾರಿ ಕೇಳಿದ್ದು ಸಾಕು ಅಕ್ಕ, ಇನ್ನೊಬ್ಬರಿಗೆ ಹಿಂಗಾಗ್ದಂಗೆ ಏನಾದ್ರೂ ಮಾಡ್ರಿ’ ಎಂದಳು. ನಾವೆಲ್ಲ ಕೂಡಿ ಮಾಡಿಕೊಂಡ ಕಟ್ಟುಪಾಡು ಹೀಗಿದೆ. ನಿಮ್ಮದು ರಂಗೋಲಿಯದಿರಲಿ, ಕುಚ್ಚಿನದಿರಲಿ, ಕಸೂತಿಯದಿರಲಿ, ಗುಂಪು ಇದ್ದರೆ ಇವು ಒದಗಿಬಂದಾವು.

1. ಹೆಸರು ಮೂಲೆಯಲ್ಲಿ ಬೇಡ, ಚಿತ್ರದ ಒಳಗೇ ಇರಲಿ. ಅಂಚಿನ ಬಳ್ಳಿಯಲ್ಲೋ ನವಿಲಿನ ಗರಿಯಲ್ಲೋ ಸೇರಿಸಿಬಿಡಿ. ಕತ್ತರಿಸಿದರೆ ಚಿತ್ರವೇ ಕೆಡುವಂತಿರಬೇಕು.

2. ಹೊರಗೆ ಕಳಿಸುವ ಮುಂಚೆ ಬರೆದವಳನ್ನು ಒಂದು ಮಾತು ಕೇಳಿ. ಪಕ್ಕದ ಮನೆಯಿಂದ ತಂದ ಒರಳನ್ನು ಕೇಳದೆ ಮೂರನೆಯವರಿಗೆ ಕೊಡುತ್ತೇವೆಯೆ?

3. ಇನ್ನೊಬ್ಬಾಕೆಯದನ್ನು ನೋಡಿ ಬರೆದಿದ್ದರೆ ‘ಇಂಥವರದನ್ನು ನೋಡಿ ಬರೆದೆ’ ಎಂದು ಹೇಳಿ. ನೋಡಿ ಕಲಿಯುವುದು ಕಳ್ಳತನವಲ್ಲ, ಹೇಳದಿರುವುದು ತಪ್ಪು.

4. ಕೇಳಿದರೆ ಮಾತ್ರ ತಿದ್ದುಪಡಿ ಹೇಳಿ. ಅದೂ ಎಲ್ಲರೆದುರು ‘ಬಣ್ಣ ಸರಿಯಿಲ್ಲ’ ಎನ್ನಬೇಡಿ. ‘ಅಂಚಿಗೆ ಕುಂಕುಮದ ಬಣ್ಣ ಹಾಕಿದ್ರೆ ಹೇಗೆ?’ ಎಂದು ಕೇಳಿ.

5. ಅಡ್ಮಿನ್ ಒಬ್ಬಳೇ ಬೇಡ. ಈಗ ಚಳ್ಳಕೆರೆಗೆ ಒಬ್ಬರು, ಮೊಳಕಾಲ್ಮೂರಿಗೆ ಒಬ್ಬರು. ಒಬ್ಬರ ಮೇಲೇ ದೂರು ಬಂದರೆ ಇನ್ನೊಬ್ಬರು ವಿಚಾರಿಸುತ್ತಾರೆ.

6. ಜಗಳ ಬಂದಾಗ ಬಾಯಿ ಕಟ್ಟಬೇಡಿ. ಕೇಳಿದವಳಿಗೆ ಮೊದಲು ಉತ್ತರ ಕೊಡಿ. ನನ್ನ ದೊಡ್ಡ ತಪ್ಪು ಹೆಸರು ಕತ್ತರಿಸಿದ್ದಲ್ಲ, ಅವಳು ಕೇಳಿದಾಗ ‘ಇರ್ಲಿ ಬಿಡು’ ಅಂದದ್ದು.

ಅಡ್ಮಿನ್ ಆಗಲು ಹೆದರುವವರಿಗೆ ಒಂದು ಮಾತು. ಸದಸ್ಯರು ಹಾಕಿದ ಕೆಟ್ಟ ಸಂದೇಶಕ್ಕೆ, ಬರೀ ಅಡ್ಮಿನ್ ಆಗಿದ್ದಾರೆ ಅನ್ನುವ ಕಾರಣಕ್ಕೆ ಅವರನ್ನು ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಾಗೆಂದು ಕಣ್ಣು ಮುಚ್ಚಿ ಕೂರಬೇಡಿ. ಬೇಡದ್ದು ಬಂದರೆ ಅಡ್ಮಿನ್ ಎಲ್ಲರ ಮೊಬೈಲಿನಿಂದಲೂ ಅದನ್ನು ಅಳಿಸಬಹುದು.

ಇನ್ನು ಕೈಕೆಲಸದ ಕೆಲವು ಸೂಚನೆ. ಕಂಪ್ಯೂಟರಿಗೆ ಬರೆಯುವುದಾದರೆ ಅಗಲ 1920, ಎತ್ತರ 1080 ಚುಕ್ಕಿ ಇಟ್ಟುಕೊಳ್ಳಿ. ಮೊಬೈಲಿಗೆ ಅಗಲ 1080, ಎತ್ತರ 2400 ಇದ್ದರೆ ಹೆಚ್ಚಿನವಕ್ಕೆ ಹೊಂದುತ್ತದೆ. ಕಂಪ್ಯೂಟರಿನಲ್ಲಿ ಪುಟ್ಟ ಚಿತ್ರಗಳು ಸಾಮಾನ್ಯವಾಗಿ ಎಡಗಡೆ ಸಾಲಾಗಿ ಕೂರುತ್ತವೆ, ಕೆಳಗೆ ಒಂದು ಪಟ್ಟಿ ಇರುತ್ತದೆ. ಆದ್ದರಿಂದ ನಿಮ್ಮ ನವಿಲು ಬಲಕ್ಕಿರಲಿ, ಎಡಕ್ಕೆ ಬಯಲಿರಲಿ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಚುಕ್ಕಿಗಳು ಮಸುಕಾಗುತ್ತವೆ, ಡಾಕ್ಯುಮೆಂಟ್ ಎಂದು ಕಳಿಸಿ. ಬರೆದ ಮೂಲವನ್ನು ಅಳಿಸಬೇಡಿ, ಬರೆಯುವಾಗಿನ ಗ್ರಾಫ್ ಹಾಳೆಯನ್ನೂ ತಾರೀಖು ಹಾಕಿ ಜೋಪಾನವಾಗಿಡಿ. ‘ನಿನ್ನದು ಅನ್ನೋದಕ್ಕೆ ಏನು ಗುರುತು?’ ಎಂದು ಯಾರಾದರೂ ಕೇಳಿದ ದಿನ ಅದೇ ನಿಮ್ಮ ಸಾಕ್ಷಿ.

ಆ ಕ್ಯಾಲೆಂಡರಿನ ಅಂಗಡಿಗೆ ನಾವು ಕಾಗದ ಬರೆದೆವು. ಗ್ರಾಫ್ ಹಾಳೆಯ ಫೋಟೋ, ಗುಂಪಿನಲ್ಲಿ ಮೊದಲು ಹಾಕಿದ ದಿನದ ಗುರುತು ಎಲ್ಲ ಜೊತೆಗಿಟ್ಟು, ನನ್ನ ತಪ್ಪೊಪ್ಪಿಗೆಯನ್ನೂ ಸೇರಿಸಿದ್ದೆ. ಈ ಸಾಲು ಬರೆಯುವವರೆಗೆ ಉತ್ತರ ಬಂದಿಲ್ಲ. ಇನ್ನೊಂದು ಕಾಗದ ಬರೆಯುತ್ತೇವೆ. ಆದರೆ ಮೊನ್ನೆ ಮೊಳಕಾಲ್ಮೂರಿನಿಂದ ನನಗೊಂದು ಫೋಟೋ ಬಂತು. ಅವರ ನಡುಮನೆಯ ಗೋಡೆ. ಅತ್ತೆ ಅದೇ ಕ್ಯಾಲೆಂಡರನ್ನು ಎಲ್ಲಿಂದಲೋ ತರಿಸಿ, ಅಂಗಡಿಯ ಹೆಸರಿದ್ದ ಭಾಗ ಕತ್ತರಿಸಿ, ಚಿತ್ರಕ್ಕೆ ಕಟ್ಟು ಹಾಕಿಸಿ ನೇತುಹಾಕಿದ್ದಾರೆ. ಕೆಳಗೆ ಮೊಮ್ಮಗನ ಕೈಲಿ ಸೊಸೆಯ ಹೆಸರು ಬರೆಸಿದ್ದಾರೆ. ಸೊಟ್ಟಪಟ್ಟ ಅಕ್ಷರ. ಆದರೂ ದೂರಕ್ಕೇ ಓದಬಹುದು!

ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಹೀಗೆ ಹೆಸರಿಲ್ಲದೆ ಹೋದ ಕೈಕೆಲಸ ಯಾವುದಿದೆ? ಅತ್ತೆ ಹಾಕಿದ ಕೌದಿಯೋ, ನಾದಿನಿಯ ಕಸೂತಿಯೋ? ಇವತ್ತೇ ಅದರ ಹಿಂಬದಿಗೆ ಮಾಡಿದವರ ಹೆಸರು, ವರ್ಷ ಎರಡೂ ಬರೆದಿಡಿ. ನನಗೂ ಒಂದು ಕಾಗದ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎಳ್ಳು ಹುರಿಯುವಾಗ ಕಹಿಯಾಗದಂತೆ ನೋಡಿಕೊಳ್ಳುವ ಮಾತು. ಅಲ್ಲಿಯವರೆಗೆ ನಮಸ್ಕಾರ.

ನಿಮ್ಮ ಅಕ್ಕ